ಅವಿರೋಧ ಆಯ್ಕೆ

ಪ್ರಾರ್ಥನಾಕೂಟಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಂದ ಹಿರಿಯನನ್ನು ಕಂಡೊಡನೆ ಅವನ ಭಕ್ತಿಯನ್ನೇ ಶಂಕಿಸುವವರಲ್ಲವೇ ನೀವು? ಕಾರಣ ಕೇಳುವಷ್ಟು ತಾಳ್ಮೆಯಾದರೂ ನಿಮಗಿದೆಯೇ?

ರತ್ನಾಕರರಿಗೆ ಕಾರಣವಿತ್ತು. ತ್ರಿಪ್ಪುಣಿತ್ತುರ ಮೆಟ್ರೋ ನಿಲ್ದಾಣದ ಎದುರು ಯಾರೋ ಸ್ಕೂಟರನ್ನು ನಡೆದಾಡುವ ದಾರಿಗೆ ಅಡ್ಡವಾಗಿ ನಿಲ್ಲಿಸಿದ್ದರು. ಹೆಂಡತಿ ಶಾರದ ಅವರನ್ನು ಮುಂದೆ ಕಳುಹಿಸಿ, ಸ್ಕೂಟರಿನ ಒಡೆಯ ಬರುವ ತನಕ ಬಿಸಿಲಿನಲ್ಲಿ ಕಾದು, ಬಂದವನಿಗೆ ನಾಗರಿಕನ ಕರ್ತವ್ಯಗಳನ್ನು ಮಲಯಾಳಂನಲ್ಲಿ ಕ್ರಮವಾಗಿ ವಿವರಿಸಿಯೇ ಅವರು ಹೊರಟದ್ದು. ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ತಪಾಸಣೆಯ ಕಣ್ಣು ಮಾತ್ರ ನಿವೃತ್ತವಾಗಿರಲಿಲ್ಲ.

ಕೊಚ್ಚಿಯ ಕನ್ನಡ ಕ್ರೈಸ್ತರ ಆ ಪುಟ್ಟ ಕೂಟ ಪ್ರತಿ ಭಾನುವಾರ ಸಂಜೆ ಬ್ಯಾಂಕ್ ಅಧಿಕಾರಿ ಮೋಹಿನಿಯ ಮನೆಯಲ್ಲಿ ಸೇರುತ್ತಿತ್ತು. ಅಂದು ಮುಖ್ಯವಾದೊಂದು ತೀರ್ಮಾನವಾಗಬೇಕಿತ್ತು. ಮುಂದಿನ ಶನಿವಾರ ತಿರುವನಂತಪುರದ ಸಮಾವೇಶದಲ್ಲಿ 'ನಿಜವಾದ ಕ್ರೈಸ್ತ ಜೀವನದ ಲಕ್ಷಣಗಳು' ಎಂಬ ವಿಷಯದ ಮೇಲೆ ಮಾತನಾಡಲು ಕೂಟದಿಂದ ಒಬ್ಬರನ್ನು ಕಳುಹಿಸಬೇಕಿತ್ತು. ರತ್ನಾಕರರ ಭಾಷಣ ಒಂದು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ಒಂಬತ್ತು ಲಕ್ಷಣಗಳು. ಮೊದಲನೆಯದು ಸತ್ಯ, ಐದನೆಯದು ವಿನಯ. ಆಯ್ಕೆಯೊಂದೇ ಬಾಕಿ.

ಅರ್ಹತೆಯ ಬಗ್ಗೆ ಅವರಿಗೆ ಸಂದೇಹವಿರಲಿಲ್ಲ. ಕೀರ್ತನೆಯ ನಡುವೆ ಶ್ರುತಿ ತಪ್ಪಿದವರನ್ನು ಅಲ್ಲೇ ತಡೆದು ತಿದ್ದುತ್ತಿದ್ದವರು ಅವರು. ಯುವ ಸಭಾಪಾಲಕ ವಿಶ್ವಾಸ್ ಅವರ ಪ್ರಸಂಗಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತಿದ್ದವರು ಅವರು. ತಾಯಿಯ ಸಮಾಧಿಯ ಬಳಿ ಬಿಕ್ಕಿ ಅಳುತ್ತಿದ್ದ ಮೋಹಿನಿಗೆ, ಪುನರುತ್ಥಾನವನ್ನು ನಂಬಿದವರು ಹೀಗೆ ಅಳುವುದಿಲ್ಲವೆಂದು ಎಲ್ಲರೆದುರು ನೆನಪಿಸಿದವರೂ ಅವರೇ. ಸತ್ಯಕ್ಕಾಗಿ ಇಷ್ಟು ದುಡಿದವರು ಆ ಕೂಟದಲ್ಲಿ ಇನ್ನು ಯಾರಿದ್ದರು?

ಅವರು ಒಳಗೆ ಕಾಲಿಟ್ಟಾಗ ಎಲ್ಲರೂ ತಲೆ ತಗ್ಗಿಸಿ ಚೀಟಿಗಳಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಅಂಗೈಯಿಂದ ಮರೆಮಾಡಿಕೊಂಡಿದ್ದರು. ಯಾರೂ ಮುಖವೆತ್ತಲಿಲ್ಲ. ಗುಪ್ತ ಮತದಾನದ ಶಿಸ್ತು ರತ್ನಾಕರರಿಗೆ ಮೆಚ್ಚುಗೆಯಾಯಿತು.

"ಎಂತ ಬರೆಯುವುದು?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದರು.

"ಒಂದು ಹೆಸರು. ಮಾತಾಡ್ಲಿಕ್ಕಿಲ್ಲ ಅಂತ ಹೇಳಿದ್ದಾರೆ. ಮನಸ್ಸಿಗೆ ಯಾರು ಬರ್ತಾರೋ ಅವರದ್ದು ಬರೀರಿ."

"ನಿನ್ನದು ಇಷ್ಟು ಬೇಗ ಆಯ್ತಾ?"

"ನನಗೆ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ," ಎಂದರು ಶಾರದ, ಚೀಟಿಯನ್ನು ನಾಲ್ಕು ಮಡಿಕೆ ಮಾಡುತ್ತ.

ರತ್ನಾಕರರು ಕ್ಷಣಕಾಲ ಹಿಂಜರಿದರು. ವಿನಯವೋ ಸತ್ಯವೋ? ಪಟ್ಟಿಯಲ್ಲಿ ಸತ್ಯವೇ ಮೊದಲಿತ್ತು. ತಮ್ಮ ಹೆಸರನ್ನೇ ಬರೆದರು.

ವಿಶ್ವಾಸ್ ಹನ್ನೊಂದು ಚೀಟಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಸಂಗ್ರಹಿಸಿ ಮೇಣದಬತ್ತಿ ಹಚ್ಚಿದರು. "ಇದನ್ನು ಯಾರೂ ಓದುವುದು ಬೇಡ. ದೇವರ ಮುಂದೆ ಸುಟ್ಟುಬಿಡುವ."

"ಓದದೆ ಸುಡುವುದೆಂದರೇನು, ಅಯ್ಯನವರೇ?" ರತ್ನಾಕರರು ಎದ್ದು ನಿಂತರು. "ಎಲ್ಲರಿಗೂ ಗೊತ್ತಾಗಲಿ. ಕೊಡಿ ಇಲ್ಲಿ."

"ಹಿರಿಯರೇ, ಬೇಡ. ನಿಮಗೋಸ್ಕರವೇ ಹೇಳ್ತಿದ್ದೇನೆ."

"ನನಗೆ ಯಾವ ಹೆದರಿಕೆಯೂ ಇಲ್ಲ."

ಡಬ್ಬಿಯನ್ನು ತಾವೇ ತೆಗೆದುಕೊಂಡರು. ಒಂದೊಂದನ್ನೇ ಬಿಡಿಸಿ ಗಟ್ಟಿಯಾಗಿ ಓದಿದರು. ರತ್ನಾಕರ. ರತ್ನಾಕರ. ರತ್ನಾಕರ. ಐದನೆಯದರ ಹೊತ್ತಿಗೆ ಧ್ವನಿ ಕಂಪಿಸಿತು. ಹನ್ನೊಂದಕ್ಕೆ ಹನ್ನೊಂದು.

ಮೋಹಿನಿ ನಿಧಾನವಾಗಿ ಹತ್ತಿರ ಬಂದಳು. "ಅಂಕಲ್, ನಾವು ಹತ್ತು ಜನ ಬರೆದದ್ದು ಸರಿ. ಹನ್ನೊಂದನೆಯದು? ನೀವೂ ನಿಮ್ಮ ಹೆಸರೇ ಬರೆದದ್ದಾ?"

"ಹೌದಮ್ಮ. ಪ್ರಾಮಾಣಿಕವಾಗಿ ಯೋಚಿಸಿದರೆ ಬೇರೆ ಯಾರ ಹೆಸರೂ ತೋಚಲಿಲ್ಲ."

ಅವಳ ಕಣ್ಣು ತುಂಬಿತು. ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. "ಹಾಗಾದ್ರೆ ನನ್ನದು ಇವತ್ತಿಗೆ ಮುಗೀತು, ಅಂಕಲ್. ಅಮ್ಮನ ಆಣೆ, ಬಿಟ್ಟುಬಿಟ್ಟೆ."

ಅವಳೂ ಸ್ಪರ್ಧೆಯಲ್ಲಿದ್ದಳೆಂದು ರತ್ನಾಕರರಿಗೆ ತಿಳಿದಿರಲಿಲ್ಲ. ಉದಾರವಾಗಿ ಅವಳ ತಲೆ ನೇವರಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡರು. ಕೆಲವರು ಅತ್ತರು. ಅಭಿನಂದನೆ ತುಸು ಅತಿಯಾಯಿತೆನಿಸಿದರೂ ಅವರು ತಡೆಯಲಿಲ್ಲ.

ವಿಶ್ವಾಸ್ ಮೇಣದಬತ್ತಿ ಆರಿಸಿದರು. "ತಿರುವನಂತಪುರಕ್ಕೆ ಯಾರು ಅಂತ ಇನ್ನು ಕೇಳುವ ಅಗತ್ಯವೇ ಇಲ್ಲ. ಹಿರಿಯರೇ, ನೀವೇ ಹೋಗಬೇಕು."

ಎಣಿಕೆ ಮುಗಿದ ಮೇಲೆ ಇದನ್ನು ಮತ್ತೆ ಹೇಳಬೇಕಾದದ್ದೇಕೆಂದು ರತ್ನಾಕರರಿಗೆ ಅರ್ಥವಾಗಲಿಲ್ಲ. ಆ ಲೋಪವನ್ನು ಅಂದು ಅವರು ತಿದ್ದಲಿಲ್ಲ.

ಶನಿವಾರ ಬೆಳಿಗ್ಗೆ ರೈಲು ಕೊಲ್ಲಂ ದಾಟುತ್ತಿತ್ತು. ಕಿಟಕಿಯ ಬಳಿ ಕುಳಿತಿದ್ದ ಶಾರದ ಇದ್ದಕ್ಕಿದ್ದಂತೆ ಗಂಡನ ತೋಳು ಮುಟ್ಟಿದರು.

"ನಿಮ್ಮದು ದೊಡ್ಡ ಮನಸ್ಸು ಮಾರಾಯ್ರೆ. 'ನನ್ನಿಂದ ಇನ್ನೂ ಕ್ಷಮಿಸ್ಲಿಕ್ಕೆ ಆಗದವರು ಯಾರು, ಅವರ ಹೆಸರು ಬರೀರಿ' ಅಂತ ಅಯ್ಯನವರು ಹೇಳಿದಾಗ ನಾವೆಲ್ಲ ನಿಮ್ಮದು ಬರೆದೆವು. ಅದು ಬಿಡಿ. ನೀವು ನಿಮ್ಮನ್ನೇ ಬರೆದಿರಲ್ಲ, ನನ್ನ ಮೂವತ್ತು ವರ್ಷದ ಸಿಟ್ಟು ಅಲ್ಲಿಗೇ ಇಳಿದುಹೋಯ್ತು."

ರತ್ನಾಕರರು ಭಾಷಣದ ಹಾಳೆಗಳನ್ನು ಮಡಿಸಿದರು.

"ಪ್ರಶ್ನೆ ಎಂತದ್ದು ಅಂತ ನಾನಂತೂ ನಿಮಗೆ ಹೇಳ್ಲಿಲ್ಲ," ಶಾರದ ಗಂಡನ ಮುಖವನ್ನೇ ನೋಡಿದರು. "ಬೇರೆ ಯಾರೋ ಹೇಳಿರಬೇಕು, ಅಲ್ವಾ?"

ಒಂದು ನಿಲ್ದಾಣ ಹಿಂದೆ ಸರಿಯುವಷ್ಟು ಹೊತ್ತಿತ್ತು, ನಿಜ ಹೇಳಲು.

"ಹೇಳಿದ್ರು," ಎಂದರು ರತ್ನಾಕರ.

ತಿರುವನಂತಪುರದಲ್ಲಿ ಅವರು ನಲವತ್ತು ನಿಮಿಷ ಮಾತನಾಡಿದರು. ಸತ್ಯದ ಬಗ್ಗೆ ಹೇಳುವಾಗ ಸಭೆ ಕಣ್ಣೊರೆಸಿಕೊಂಡಿತು.

ಆ ರತ್ನಾಕರ ನಾನೇ. ಆ ಹತ್ತು ಮಂದಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನನಗೆ ಕೊಟ್ಟ ಕ್ಷಮೆಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ, ಇಷ್ಟೆಲ್ಲ ತಿಳಿದ ಮೇಲೂ ಕೊಡಬೇಕೆನಿಸಿದರೆ ಮಾತ್ರ ಇನ್ನೊಮ್ಮೆ ಕೊಡಿ.