ಅರ್ಧಕ್ಕೆ ನಿಂತ ಗೂಢಚಾರ

ಮೊನ್ನೆ ಅಟ್ಟದಿಂದ ಇಳಿಸಿದ, ಸಿನಿಮಾ ಕ್ಯಾಸೆಟ್ ಹಾಕುವ ಹಳೆಯ ವಿಸಿಪಿಗೆ ಕರೆಂಟು ಕೊಟ್ಟೆ. ಬಿಸಿಯಾದ ಧೂಳಿನ ವಾಸನೆಗೆ ತ್ಯಾಗರಾಜನಗರದ ಮನೆಯಲ್ಲಿ ತಾತನ ತಿಥಿ ನಡೆದ ಮಧ್ಯಾಹ್ನ ಕಣ್ಣ ಮುಂದೆ ಎದ್ದು ಬಂತು.

ತಾತನಿಗೆ ಅರವತ್ತರ ದಶಕದ ಗೂಢಚಾರರ ತಮಾಷೆ ಸಿನಿಮಾಗಳೆಂದರೆ ಹುಚ್ಚು. ಕೊಡೆಯ ಹಿಡಿಕೆಯಲ್ಲಿ ಫೋನಿಟ್ಟುಕೊಂಡ ಪೆದ್ದು ಏಜೆಂಟ್, ಗುಂಡಿ ಒತ್ತಿದರೆ ತಿರುಗುವ ಗೋಡೆ. ಅಂಥದ್ದೊಂದು ಕ್ಯಾಸೆಟ್ ಅರ್ಧ ನೋಡಿ, "ಮಿಕ್ಕಿದ್ದು ನಾಳೆ" ಎಂದು ಮಲಗಿದವರು ಏಳಲಿಲ್ಲ.

ತಿಥಿಯ ದಿನ ತಾರಸಿಯ ಮೇಲೆ ಬಾಳೆಲೆ ಹಾಕಿ ಎಡೆ ಇಟ್ಟೆವು. ಕಾಗೆ ಮುಟ್ಟದಿದ್ದರೆ ಹೋದವರ ಆಸೆಯೊಂದು ಉಳಿದಿದೆ ಎಂಬುದು ನಮ್ಮ ಮನೆಯವರ ನಂಬಿಕೆ. ಕಾಗೆಯೋ ನೀರಿನ ಟ್ಯಾಂಕಿನ ಮೇಲೆ ಕೂತು ಸುಮ್ಮನೆ ನೋಡುತ್ತಿತ್ತು. ಅಪ್ಪ ಕೈಮುಗಿದು, "ಅಮ್ಮನ್ನ ಚೆನ್ನಾಗಿ ನೋಡ್ಕೋತೀವಿ" ಅಂದರು. ಅತ್ತೆ, "ನಾವ್ಯಾರೂ ಜಗಳ ಆಡಲ್ಲ, ತಿನ್ನಪ್ಪ" ಎಂದು ಅತ್ತರು. ಅದು ಕದಲಲಿಲ್ಲ. ವಡೆ, ಪಾಯಸ ಆರಿಹೋದವು.

ಬದುಕಿಡೀ ಆ ಸಿನಿಮಾಗಳನ್ನು ಬೈದಿದ್ದ ಅಜ್ಜಿ ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಟಿವಿಯ ತುತ್ತೂರಿ, ಗುಂಡಿನ ಸದ್ದು, ಹಿಂದೆಯೇ ಯಾರದೋ ನಗು ಮೆಟ್ಟಿಲೇರಿ ಬಂತು. ಕಾಗೆ ಹಾರಿ ಬಂದು ಎಡೆಗೆ ಕೊಕ್ಕು ಹಾಕಿತು.

"ಕಾಗೆ ಬಂತು! ಇನ್ನು ಆಫ್ ಮಾಡಜ್ಜಿ" ಎನ್ನುತ್ತಾ ನಾನು ಕೆಳಗೆ ಓಡಿದೆ. ಕೋಣೆಯ ತುಂಬ ಬಿಸಿ ಧೂಳಿನ ವಾಸನೆ. ಅಜ್ಜಿ ಟಿವಿಯ ಮುಂದೆ ನಿಂತಿದ್ದರು.

"ಇರು, ಇನ್ನೂ ಮುಗಿದಿಲ್ಲ" ಅಂದರು. ಆಮೇಲೆ ತಾತನ ಖಾಲಿ ಕುರ್ಚಿಯತ್ತ ತಿರುಗಿ ನೋಡಿ, "ಅಯ್ಯೋ, ಅಡ್ಡ ನಿಂತಿದೀನಿ" ಎಂದು ಪಕ್ಕಕ್ಕೆ ಸರಿದರು.