ಕಡಲಪಾಚಿಯ ಸಾರ

ಬಾಳ್ಳುಪೇಟೆಯ ಗೊಬ್ಬರದಂಗಡಿಯಲ್ಲಿ ತನ್ನದೇ ಹೆಸರಿನ ಬಾಟಲಿ ತೆರೆದು ಮೂಸಿದ ಶಿವಗಂಗಾಳಿಗೆ ಮೈಯೆಲ್ಲ ಉರಿದುಹೋಯಿತು. ಕಡಲಪಾಚಿಯನ್ನು ಬರೀ ನೀರಿನಲ್ಲಿ ನೆನೆಸಿ, ಅರೆದು, ಸೋಸಿ ಕಾಫಿ ಗಿಡಕ್ಕೆಂದು ಅವಳು ಮಾಡಿಕೊಟ್ಟ ಸಾರಕ್ಕೆ ಈ ಘಾಟು ಇರಲೇ ಇಲ್ಲ.

“ಏನ್ ಬೆರೆಸಿದೀರಾ ರುದ್ರೇಶಣ್ಣ?”

“ಒಂಚೂರು ಯೂರಿಯಾ ಕಣಮ್ಮ,” ಅಂಗಡಿಯವನು ನಕ್ಕ. “ಎಲೆ ಬೇಗ ಹಸಿರಾದ್ರೆ ನಿಂಗೇ ತಾನೇ ಹೆಸರು?”

“ಆ ಹೆಸರು ನಂಗೆ ಬ್ಯಾಡ!” ಎಂದವಳೇ ಬಾಟಲಿಗೆ ಅಂಟಿಸಿದ್ದ ತನ್ನ ಹೆಸರಿನ ಚೀಟಿಯನ್ನು ಪರ್ರನೆ ಹರಿದು ಅವನ ಮುಂದೆ ಎಸೆದಳು. ಕಪಾಟಿನಲ್ಲಿದ್ದ ಇನ್ನೊಂದು ಬಾಟಲಿಯನ್ನೂ ಎಳೆದುಕೊಂಡಳು.

“ನಾಳೆಯಿಂದ ನಿನ್ನ ಮಾಲು ಯಾರು ಮಾರ್ತಾರೆ, ನೋಡ್ತೀನಿ!” ರುದ್ರೇಶ ಗುಡುಗಿದ. ಅವಳ ಉಗುರು ಆಗಲೇ ಮೂರನೆಯ ಚೀಟಿಯನ್ನು ಕೆರೆಯುತ್ತಿತ್ತು.

ಸಾರ ಕೊಳ್ಳಲು ಬಂದಿದ್ದ ಹೆಗ್ಗದ್ದೆಯ ಸೋಮಯ್ಯ ತನ್ನ ಕೈಯಲ್ಲಿದ್ದ ಬಾಟಲಿಯನ್ನು ಅವಳತ್ತ ಚಾಚಿದ.

“ಇದರದ್ದೂ ಕಿತ್ತಾಕವ್ವ.”