ಹೊಳೆಗೆ ಬಿಟ್ಟ ಡಿಸ್ಕು

ಸತ್ತವರು ಡಿಸ್ಕಿನಲ್ಲಿ ಉಳಿದು ಮನೆಯವರೊಡನೆ ಮಾತಾಡುತ್ತಿದ್ದ ಊರು ಅದು. ಖಾಲಿಯಾದ ಡಿಸ್ಕನ್ನು ಹೊಳೆಗೆ ಬಿಡುವುದು ಅಲ್ಲಿಯ ವಾಡಿಕೆ.

ಎರಡು ವರ್ಷದಿಂದ ಮೂಕವಾಗಿದ್ದ ಅತ್ತೆಯ ಡಿಸ್ಕನ್ನು ತರುವಂತೆ ರಿಪೇರಿಯ ಚೆಲುವರಾಜು ತಾನಾಗಿ ಹೇಳಿಕಳಿಸಿದ್ದ. ಶಿವಲಿಂಗಮ್ಮ ಸೆರಗಿನಲ್ಲಿ ಸುತ್ತಿ ತಂದಳು. ಜೋಡಿಸಿದರೆ ಹಳೇ ಸಿಸ್ಟಮ್ಮು ಎಂದಿನಂತೆ, ‘ಡಿಸ್ಕ್ ಇಲ್ಲ’ ಎಂದಿತು. ಚೆಲುವರಾಜು ಮೊದಲಿನಿಂದ ಶುರುಮಾಡಿ ಡಿಸ್ಕನ್ನು ಗುರುತಿಸಲು ಬೇಕಾದ ಡ್ರೈವರಿನ ಫ್ಲಾಪಿ ಹಾಕಿದ. ಅದಿಲ್ಲದಿದ್ದರೆ ತುಂಬಿದ ಡಿಸ್ಕೂ ಸಿಸ್ಟಮ್ಮಿನ ಕಣ್ಣಿಗೆ ಬೀಳುವುದಿಲ್ಲ. ಇದು ಅವನಿಗೆ ತಿಳಿದದ್ದು ಮೊನ್ನೆ ಮೊನ್ನೆ. ಸಿಸ್ಟಮ್ಮಿನ ಮಾತು ನಂಬಿ ಶಿವಲಿಂಗಮ್ಮನ ಗಂಡನ ಡಿಸ್ಕನ್ನು ‘ಖಾಲಿ’ ಎಂದು ಹೇಳಿ ವಾಪಸು ಕೊಟ್ಟದ್ದು ಹೋದ ವರ್ಷ.

ಸ್ಪೀಕರು ಗೊರಗೊರ ಎಂದಿತು.

“ಶಿವೀ, ನಮ್ ಬೋರ ಎಲ್ಲವ್ನೆ?”

“ನಿಮ್ ಮಗ ಹೋಗ್ಬಿಟ್ರು ಅತ್ತೆ. ಡಿಸ್ಕಲ್ಲೂ ಉಳೀಲಿಲ್ಲ. ಚೆಲುವಣ್ಣ ಖಾಲಿ ಅಂದ್ರು, ನನ್ ಕೈಯಾರೆ ಹೊಳೇಗೆ ಬಿಟ್ಟೆ.”

ಚೆಲುವರಾಜು ನಿಜ ಹೇಳಿಬಿಡಬೇಕೆಂದು ತುಟಿ ತೆರೆದ.

“ಪಾಪ, ಅವನೇನ್ ಮಾಡ್ತಾನೆ,” ಎಂದಳು ಮುದುಕಿ, ಅಳುತ್ತಲೇ. “ನನ್ನಾದ್ರೂ ಉಳಿಸ್ದ. ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ.”

ಶಿವಲಿಂಗಮ್ಮ ಕೈಮುಗಿದಳು. ಅವನು ಫ್ಲಾಪಿಯನ್ನು ಮೆಲ್ಲಗೆ ಜೇಬಿಗಿಳಿಸಿದ.